ಕಾಲುವೆ ನೀರು ಕುಡಿದ ಕಾರು

ನಮ್ಮ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಗಂಗಾವತಿಗೆ ಬಂದ ದಿನ ನಾನು ಮನೆಯಲ್ಲೇ ಇದ್ದೆ. ಟ್ರ್ಯಾಕ್ಟರು ತಾವರಗೇರಾ ಕಡೆಯಿಂದ ಶೇಂಗಾ ಚೀಲ ಹೇರಿಕೊಂಡು ಮಾರುಕಟ್ಟೆಗೆ ಹೊರಟಿದ್ದು. ಅದರ ಹಿಂದೆ ನಮ್ಮ ಕಾರಿನ ಸ್ಟೇರಿಂಗ್ ಹಿಡಿದು ಕೂತಿದ್ದ ಡ್ರೈವರ್ ಕಾಕಾ ಬಾಗಿಲು ತೆಗೆದು ಇಳಿದರು. ಅವ್ವನ ಮುಖ ನೋಡಲಿಲ್ಲ.

"ಎಂಜಿನ್ ಹಿಡಕೊಂಡೈತ್ರಿ ಅಕ್ಕಾರ. ತಾವರಗೇರಾ ದಾಟಿ ಏರಿನ್ಯಾಗ ಹೊಗಿ ಬಂತು, ನಿಂತುಬಿಡ್ತು. ಹ್ಯಾಂಡಲ್ ಹಾಕಿದ್ರ ಅಲ್ಲಾಡವಲ್ದು."

"ಒಳಗ ಕುಂತವರು?"

"ಕುಷ್ಟಗಿ ಬಸ್ಸಿಗೆ ಹತ್ತಿಸಿ ಕಳಿಸೀನ್ರಿ. ಬಾಡಿಗಿ ತಗೊಂಡಿಲ್ಲ."

"ಛಲೋ ಮಾಡಿದ್ರಿ. ಕೈಕಾಲು ತೊಕ್ಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವ."

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಅಪ್ಪ ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಅವರು ಬಿಟ್ಟುಹೋದದ್ದು ಈ ಒಂದು ಬಾಡಿಗೆ ಕಾರು ಮತ್ತು ಅದನ್ನು ಓಡಿಸುವ ಕಾಕಾ. ಕಾಕಾ ಚಿಕ್ಕ ವಯಸ್ಸಿನಲ್ಲಿ ನಿಜಾಮರ ಕಾಲದ ಒಬ್ಬ ದೇಸಾಯರ ಮನೆಯಲ್ಲಿ ಕಾರು ಕಲಿತವರು, ಅಪ್ಪನಿಗಿಂತ ಹಿರಿಯರು. ನಾನು ಆಗಷ್ಟೇ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯಲು ಶುರು ಮಾಡಿದ್ದೆ. ಬರೆದದ್ದನ್ನು ಲಕೋಟೆಯಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ನನ್ನ ಕೆಲಸ. ಅದರಿಂದ ಬರುತ್ತಿದ್ದದ್ದು ನನ್ನ ಚಹಾ ಮತ್ತು ಬಸ್ಸಿನ ಖರ್ಚಿಗೆ ಸರಿಹೋಗುತ್ತಿತ್ತು. ನಮ್ಮ ಮನೆ, ಕಾಕಾನ ಮನೆ, ಎರಡೂ ಆ ಕಾರಿನ ಮೇಲೆ ನಡೆಯುತ್ತಿದ್ದವು.

ಸುದ್ದಿ ಕೇಳಿ ಮರುದಿನವೇ ಯಲಬುರ್ಗಾದಿಂದ ಮಾಮಾ ಬಂದ. ಅವ್ವನ ಅಣ್ಣ. ಚಹಾ ಕುಡಿಯುವ ಮೊದಲೇ ಹೇಳಿದ:

"ಅದನ್ನ ಗುಜರಿಗೆ ಹಾಕು ತಂಗಿ. ನಮ್ಮ ಮನಿಗೆ ನಡೀರಿ ಇಬ್ರೂ. ಇಲ್ಲಿ ಬಾಡಿಗಿ ಮನ್ಯಾಗ ಯಾಕ ಒದ್ದಾಡ್ತಿ?"

"ತುಳಸಿ ಲಗ್ನ ಮುಗಿದ ಮ್ಯಾಲ ಮದುವಿ ಹಂಗಾಮು ಐತಿ ಯಣ್ಣಾ. ಅದರೊಳಗ ಕಾರು ರಸ್ತಾಕ್ಕ ಬಂದ್ರ ಇಲ್ಲೇ ಇರ್ತೀನಿ. ಬರಲಿಲ್ಲಂದ್ರ ನೀ ಹೇಳಿದಂಗ."

"ಮಾತು ಮಾತ ಮತ್ತ."

"ಮಾತು ಮಾತ."

ಮಾಮಾ ಒಳ್ಳೆಯ ಮನುಷ್ಯ. ಅವನ ಮನೆಯಲ್ಲಿ ನಮಗೆ ಊಟಕ್ಕೆ ಕೊರತೆ ಆಗುತ್ತಿರಲಿಲ್ಲ. ಆದರೆ ಅಲ್ಲಿ ಹೋದರೆ ಅವ್ವ ಸಂತೆಗೆ ಹೋಗಲು ಕೂಡ ಅತ್ತಿಗೆಯನ್ನು ಕೇಳಬೇಕು. ಅಪ್ಪ ಹೋದ ಮೇಲೆ ಬಾಡಿಗೆ ಮಾತಾಡುವುದು, ಯಾರ ಮದುವೆಗೆ ಯಾವ ದಿನ ಹೋಗುತ್ತೇವೆ ಎಂದು ಹೇಳುವುದು ಎಲ್ಲ ಅವ್ವನದೇ ಆಗಿತ್ತು. ಜನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು "ಅಕ್ಕಾರ, ನಮ್ಮ ಹುಡುಗಿ ಲಗ್ನಕ್ಕ ನಿಮ್ಮ ಕಾರ ಬರಬೇಕ್ರಿ" ಎನ್ನುವಾಗ ಅವಳು ಸೆರಗು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದ ಬಗೆ ನನಗೆ ಈಗಲೂ ನೆನಪಿದೆ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಮೇಸ್ತ್ರಿಯ ಶೆಡ್ಡು ಅಕ್ಕಿ ಗಿರಣಿಗಳ ಸಾಲಿನ ಹಿಂದೆ ಇತ್ತು. ಅವನು ಎಂಜಿನ್ನಿನ ಹೆಡ್ ಬಿಚ್ಚಿದ. ನೀರು ಹರಿಯುವ ದಾರಿಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆದರಿದರೆ ಹೆಂಟೆಹೆಂಟೆಯಾಗಿ ಬಂತು.

"ಕಾಕಾ, ಇದು ಎಂಜಿನ್ನೋ, ಗದ್ದಿಯೋ?" ಎಂದ ಮೇಸ್ತ್ರಿ. "ಇನ್ನೊಂದೀಟು ನೀರು ಬಿಟ್ರ ನಾಟಿ ಮಾಡಬಹುದು."

ಕಾಕಾ ನಗಲಿಲ್ಲ. ಅದರ ಹಿಂದೆ ಒಂದು ಕಾರಣ ಇತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಬಾವಿಗಳ ನೀರು ಸವಳು. ಆ ನೀರು ರೇಡಿಯೇಟರಿಗೆ ಹಾಕಿದರೆ ಒಳಗೆ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ಎಷ್ಟೋ ಕಾರುಗಳು ಹಾಗೆ ಕೆಟ್ಟದ್ದನ್ನು ಕಾಕಾ ನೋಡಿದ್ದರು. ಆದ್ದರಿಂದ ಅಪ್ಪನ ಕಾಲದಿಂದಲೂ ಒಂದು ನೇಮ ಇತ್ತು: ನಮ್ಮ ಕಾರಿಗೆ ಕಾಲುವೆಯ ಸಿಹಿನೀರೇ ಆಗಬೇಕು. ಸಿದ್ದಾಪುರದ ಕಡೆ ಹೋದಾಗೆಲ್ಲ ಕಾಕಾ ಕಾಲುವೆಗೆ ಇಳಿದು ಡಬ್ಬಿ ತುಂಬಿಕೊಳ್ಳುತ್ತಿದ್ದರು. ಒಣ ತಾಲೂಕಿಗೆ ಹೋಗುವಾಗ ಆ ಡಬ್ಬಿ ಡಿಕ್ಕಿಯಲ್ಲಿ ಇರುತ್ತಿತ್ತು. ಬಾಯಾರಿದ ಪ್ರಯಾಣಿಕರು ಕೇಳಿದರೂ ಕೊಡುತ್ತಿರಲಿಲ್ಲ. ಮಳೆಗಾಲದಲ್ಲಿ ಕಾಲುವೆ ಕೆಂಪಗೆ ಹರಿಯುತ್ತದೆ. ಆಗ ಟವೆಲ್ಲಿನಲ್ಲಿ ಸೋಸಿ ಹಾಕುತ್ತಿದ್ದರು. ಟವೆಲ್ಲಿಗೆ ಸಿಗದ ನಯವಾದ ಮಣ್ಣು ವರ್ಷಗಟ್ಟಲೆ ಒಳಗೆ ಇಳಿದು, ನೀರಿನ ದಾರಿ ಮುಚ್ಚಿ, ಎಂಜಿನ್ ಕಾದು ಹಿಡಿದುಕೊಳ್ಳುವಂತೆ ಮಾಡಿತ್ತು. ನೇಮ ಮಾಡಿದವರು, ಪಾಲಿಸಿದವರು ಯಾರಿಗೂ ಅದು ಹೊಳೆದಿರಲಿಲ್ಲ. ಕಾಲುವೆ ಬಂದು ನಮ್ಮ ಸೀಮೆ ಬದಲಾದದ್ದನ್ನು ಕಣ್ಣಾರೆ ಕಂಡವರು ಅವರು. ಆ ನೀರಿನ ಮೇಲೆ ಅನುಮಾನ ಪಡುವುದು ಅವರಿಗೆ ಸಾಧ್ಯವಿರಲಿಲ್ಲ.

ಮೇಸ್ತ್ರಿ ಎರಡು ದಾರಿ ಹೇಳಿದ. ಒಂದು, ಇದೇ ಪೆಟ್ರೋಲ್ ಎಂಜಿನ್ನನ್ನು ಹುಬ್ಬಳ್ಳಿಗೆ ಒಯ್ದು ಸಿಲಿಂಡರುಗಳನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವುದು. ಆದರೆ ಎಂಜಿನ್ನಿನ ಒಂದು ಮಗ್ಗುಲಲ್ಲಿ ಸಣ್ಣ ಬಿರುಕು ಬಿಟ್ಟಿತ್ತು.

"ವೆಲ್ಡಿಂಗ್ ಮಾಡಸೂಣು. ಹಿಡದ್ರ ಹಿಡೀತು. ಗ್ಯಾರಂಟಿ ನಾ ಕೊಡಂಗಿಲ್ರಿ," ಎಂದ.

ಎರಡನೆಯದು, ಇದನ್ನು ತೆಗೆದು ಹಳೆಯ ಡೀಸೆಲ್ ಎಂಜಿನ್ ಕೂಡಿಸುವುದು. ಆಗ ಅನೇಕರು ಹಾಗೆ ಮಾಡಿಸುತ್ತಿದ್ದರು. ಡೀಸೆಲ್ ಖರ್ಚು ಕಡಿಮೆ, ಆದರೆ ಸಪ್ಪಳ ಹೆಚ್ಚು, ಓಟ ನಿಧಾನ.

"ಬ್ಯಾಡ್ರಿ," ಎಂದರು ಕಾಕಾ. "ಮದುವಣಗಿತ್ತಿ ಕುಂಡ್ರೋ ಬಂಡಿ ಇದು. ಪಂಪ್‌ಸೆಟ್ ಓಡಿಸಾಕ ನಾ ಡ್ರೈವರ್ ಆಗಿಲ್ಲ."

ಅವ್ವನ ಬಳಿ ಇದ್ದ ದುಡ್ಡು ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುತ್ತಿತ್ತು. ತಪ್ಪಿದರೆ ಎರಡನೆಯ ಸಲ ಪ್ರಯತ್ನಿಸುವಂತಿರಲಿಲ್ಲ. ಅವಳು ನನಗೆ, "ನಾಕ ಮಂದಿನ ಕೇಳಿ ಬಾ ತಮ್ಮಾ. ಅದ ಅಲ್ಲ ನಿನ್ನ ಉದ್ಯೋಗ?" ಎಂದಳು.

ನಾನು ಕೇಳಿಬಂದೆ. ಕೊಪ್ಪಳದಲ್ಲಿ ಡೀಸೆಲ್ ಹಾಕಿಸಿದ ಟ್ಯಾಕ್ಸಿಯವರು ಒಬ್ಬರು ಹೊಗಳಿದರು, ಇನ್ನೊಬ್ಬರು ಚಾಸಿ ನಡುಗಿ ನಟ್ಟು ಬೋಲ್ಟು ಸಡಿಲಾಗುತ್ತವೆ ಎಂದರು. ವೆಲ್ಡಿಂಗ್ ಮಾಡಿಸಿದ ಎಂಜಿನ್ ಒಂದು ಕಡೆ ವರ್ಷಗಟ್ಟಲೆ ಓಡುತ್ತಿತ್ತು, ಇನ್ನೊಂದು ಕಡೆ ಮೊದಲ ಪ್ರಯಾಣದಲ್ಲೇ ನೀರು ಕಾರಿತ್ತು. ಎಲ್ಲವನ್ನೂ ಕ್ರಮವಾಗಿ ಅವ್ವನಿಗೆ ವರದಿ ಮಾಡಿದೆ. ಅವಳು ಜೋಳ ಹಸನು ಮಾಡುತ್ತ ಪೂರ್ತಿ ಕೇಳಿದಳು.

"ಪೇಪರಿನ್ಯಾಗ ಬರದಂಗ ಹೇಳಿದಿ. ಅವರು ಹಂಗಂದ್ರು, ಇವರು ಹಿಂಗಂದ್ರು. ನೀ ಏನಂತಿ?"

"ನನಗ ತಿಳೀವಲ್ದು."

"ಅದನ್ನ ಮೊದಲ ಹೇಳಿದ್ರ ನಿನ್ನ ಕೊಪ್ಪಳದ ಬಸ್ಸಿನ ಖರ್ಚು ಉಳೀತಿತ್ತು," ಎಂದಳು. ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದು, "ನಡಿ, ಶೆಡ್ಡಿಗೆ ಹೋಗೂಣು," ಎಂದಳು.

ಕಾಕಾ ಶೆಡ್ಡಿನಲ್ಲೇ ಇದ್ದರು. ಕಾರು ಅಲ್ಲಿ ನಿಂತ ದಿನದಿಂದ ಅವರು ಬೆಳಗಾದರೆ ಬಂದು ಆ ಕೆಂಪು ಮಣ್ಣನ್ನು ತಂತಿಯಿಂದ ಕೆದರಿ ತೆಗೆಯುತ್ತ ಕೂರುತ್ತಿದ್ದರು. ಅವ್ವ ಒಂದು ಹಳೆಯ ಟಯರಿನ ಮೇಲೆ ಕೂತಳು.

"ಕಾಕಾ, ಬಂಡಿ ನಿಂತಾಗ ಹೊಲದಾಗ ಯಾರರ ಇದ್ರೇನು?"

"ಇದ್ರಲ್ರೀ. ಓಡಿ ಬಂದ್ರು."

"ಬಂದು ಏನ್ಮಾಡಿದ್ರು?"

"ಏನ್ಮಾಡ್ತಾರ್ರೀ ಪಾಪ? ಬಾನೆಟ್ ಒಳಗ ಹಣಿಕಿ ಹಾಕಿದ್ರು. ಪೆಟ್ರೋಲ್ ಬಂಡಿ ನಮಗ ತಿಳಿಯಂಗಿಲ್ಲ ಅಂದ್ರು."

"ಅವರ ಬಾವಿ ಮ್ಯಾಲ ಎಂಜಿನ್ ಇರಲಿಲ್ಲೇನು?"

"ಇತ್ರೀ. ಟಕಾಟಕಾ ಅಂತಿತ್ತು."

"ಅದು ಕೆಟ್ರ ಯಾರನ್ನ ಕರೀತಾರ?"

"ಯಾರನ್ನ ಕರೀತಾರ? ತಾವ ಬಿಚ್ಚತಾರ, ತಾವ ಜೋಡಸ್ತಾರ."

ಅವ್ವ ಹೇಳಿದಳು: "ನಮ್ಮಪ್ಪನ ಬಾವಿ ಮ್ಯಾಲಿನ ಎಂಜಿನ್ನಿಗೆ ನಾನೂ ಹ್ಯಾಂಡಲ್ ಹೊಡದೀನಿ. ಯಲಬುರ್ಗಾದಿಂದ ಕುಷ್ಟಗಿ ಮಟ ಬಾವಿ ಇದ್ದಲ್ಲೆಲ್ಲ ಒಂದು ಡೀಸೆಲ್ ಎಂಜಿನ್ ಐತಿ, ಅದನ್ನ ಬಲ್ಲವ ಒಬ್ಬ ಅದಾನ. ಯಾವುದು ಛಲೋ, ಯಾವುದು ಕೆಟ್ಟ ಅಂತ ನನಗ ಗೊತ್ತಿಲ್ಲ. ಎರಡೂ ಒಂದಿಲ್ಲೊಂದು ದಿನ ಕೆಡ್ತಾವ. ಕೆಟ್ಟಾಗ ನೀವು ಒಬ್ರ ದಾರ್ಯಾಗ ನಿಂತಿರ್ತೀರಿ. ಓಡಿ ಬಂದವರು ನೋಡಿ ಹೋಗಬಾರದು, ಕೈ ಹಚ್ಚಬೇಕು."

ಮೇಸ್ತ್ರಿ ಕೆಲಸ ನಿಲ್ಲಿಸಿ ಕಾಕಾನ ಕಡೆ ನೋಡಿದ. ಕಾಕಾ ಕೈಯಲ್ಲಿದ್ದ ತಂತಿ ಕೆಳಗಿಟ್ಟರು.

"ನಾ ಕೆಡಿಸಿದ್ದು ಅಕ್ಕಾರ. ನಾನ ಸರಿ ಮಾಡಬೇಕು ಅನಿಸಿತ್ತು."

"ಆ ನೀರಿನ ನೇಮ ನಮ್ಮನಿಯವರೂ ನೀವೂ ಕೂಡಿ ಮಾಡಿದ್ದು. ಅವರ ಪಾಲಿಂದೂ ನೀವ ಹೊರೋದು ಬ್ಯಾಡ. ಹುಬ್ಬಳ್ಳಿಗೆ ಮೇಸ್ತ್ರಿ ಜೋಡಿ ನೀವ ಹೋಗ್ರಿ. ನಿಮ್ಮ ಕಿವಿಗೆ ಒಪ್ಪಿದ್ದು ತರ್ರಿ. ಒಪ್ಪದಿದ್ರ ಬರಿಗೈಲೆ ಬರ್ರಿ, ವೆಲ್ಡಿಂಗ್ ಮಾಡಸೂಣು."

"ಡೀಸೆಲ್ ಎಂಜಿನ್ ಕಿವಿಗೆ ಒಪ್ಪೋದು ಹೆಂಗರೀ ಅಕ್ಕಾರ?" ಎಂದರು ಕಾಕಾ. ಆದರೆ ಎದ್ದು ಕೈ ಒರೆಸಿಕೊಂಡರು.

ಅವರು ಹುಬ್ಬಳ್ಳಿಯಿಂದ ಎಂಜಿನ್ ತಂದರು. ಅಲ್ಲಿ ಒಂದೊಂದನ್ನೂ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿ, ಅಂಗಡಿಯವನ ತಾಳ್ಮೆ ತೀರುವವರೆಗೂ ಬೇಡ ಬೇಡ ಎನ್ನುತ್ತಿದ್ದರೆಂದು ಮೇಸ್ತ್ರಿ ಆಮೇಲೆ ಹೇಳಿದ. ಎಂಜಿನ್ ಭಾರವಾಗಿತ್ತು. ಮುಂದಿನ ಸ್ಪ್ರಿಂಗುಗಳನ್ನು ಬದಲಿಸಬೇಕಾಯಿತು. ಆಗ ನಮ್ಮ ಜಿಲ್ಲಾ ಕೇಂದ್ರ ರಾಯಚೂರು. ಆರ್‌ಸಿ ಪುಸ್ತಕದಲ್ಲಿ ಪೆಟ್ರೋಲ್ ಇದ್ದಲ್ಲಿ ಡೀಸೆಲ್ ಎಂದು ಬರೆಸಲು ನಾನು ಅಲ್ಲಿಗೆ ಅಲೆದೆ. ಮನೆಯಲ್ಲಿ ಅವ್ವ ರೇಡಿಯೇಟರಿಗಾಗಿ ಒಂದು ಕೊಡ ಬೇರೆ ಇಟ್ಟಳು. ಕಾಲುವೆ ನೀರು ರಾತ್ರಿಯಿಡೀ ಅದರಲ್ಲಿ ತಿಳಿಯಾಗಬೇಕು, ಮೇಲಿನದನ್ನಷ್ಟೇ ಕಾರಿಗೆ ಹಾಕಬೇಕು.

ದೀಪಾವಳಿ ಮುಗಿದ ವಾರ ಕಾರು ನಮ್ಮ ಓಣಿಗೆ ಬಂತು. ಸಪ್ಪಳ ಕೇಳಿ ಎದುರು ಮನೆಯ ಮುದುಕಿ ಹೊರಗೆ ಬಂದು, "ಯಾವ ಹೊಲಕ್ಕ ನೀರು ಬಿಡಾಕ ಹೊಂಟೀರಿ?" ಎಂದು ಕೇಳಿದಳು.

"ನಿಮ್ಮ ಹಿತ್ತಲಕ್ಕ," ಎಂದರು ಕಾಕಾ. ಅವರು ತಮಾಷೆ ಮಾಡಿದ್ದನ್ನು ಕಾರು ಕೆಟ್ಟ ಮೇಲೆ ಅಂದೇ ನಾನು ಮೊದಲು ಕೇಳಿದ್ದು.

ತುಳಸಿ ಲಗ್ನ ಮುಗಿಯಿತು. ಮೊದಲ ಬಾಡಿಗೆ ಮಾತಾಡಿ ಕೊಟ್ಟವನು ಮಾಮಾನೇ. ಯಲಬುರ್ಗಾದ ಮದುವಣಗಿತ್ತಿಯನ್ನು ನವಲಿಗೆ ಮುಟ್ಟಿಸುವ ಕೆಲಸ. ಅವನು ಸಹಾಯ ಮಾಡುತ್ತಿದ್ದನೋ, ಪರೀಕ್ಷೆ ಮಾಡುತ್ತಿದ್ದನೋ ನನಗೆ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು. ಹಿಂದಿನ ಸೀಟಿನಲ್ಲಿ ಹುಡುಗಿ, ಅವಳ ಸೋದರತ್ತೆ, ಇನ್ನಿಬ್ಬರು ಹೆಂಗಸರು. ಮುಂದೆ ಕಾಕಾ, ಮಾಮಾ, ನಾನು.

ಕೊಪ್ಪಳ ಇನ್ನೂ ದೂರ ಇರುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾಕಾ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು. ಹತ್ತಲಿಲ್ಲ. ಮಾಮಾ ಇಳಿದು ರಸ್ತೆಯ ಬದಿಗೆ ಹೋಗಿ ನಿಂತ.

"ಅಕ್ಕಿಕಾಳಿನ ಹೊತ್ತಿಗೆ ಮುಟ್ಟತೀವೋ, ಇಲ್ಲೇ ತಾಳಿ ಕಟ್ಟಸ್ತೀರೋ?" ಎಂದು ಸೋದರತ್ತೆ ಒಳಗಿನಿಂದ ಕೇಳಿದಳು.

ಹತ್ತಿರದ ಹೊಲದಿಂದ ಒಬ್ಬ ರೈತ ಬಂದ. ಧೋತರ ಮೊಳಕಾಲಿನ ಮೇಲೆ ಕಟ್ಟಿದ್ದ, ಕೈ ಎಣ್ಣೆಯಿಂದ ಕಪ್ಪಗಿತ್ತು. ಬಾನೆಟ್ ಒಳಗೆ ನೋಡಿ ನಕ್ಕ.

"ಇದನ್ಯಾಕ ಇಲ್ಲಿ ಕುಂಡ್ರಿಸೀರಿ? ನಮ್ಮ ಬಾವಿ ಮ್ಯಾಲಿರೋದರ ಅಣ್ಣ ಇದ್ದಂಗ ಐತಿ. ಡೀಸೆಲ್ ಕಡಿಮಿ ಆತೇನ್ರಿ?"

"ಇಲ್ಲ. ನಿನ್ನೆ ತುಂಬಸೀನಿ," ಎಂದರು ಕಾಕಾ.

"ಹಂಗಾರ ಪೈಪಿನ್ಯಾಗ ಗಾಳಿ ಹೊಕ್ಕೈತಿ. ಪಾನಾ ಕೊಡ್ರಿ."

ಕಾಕಾ ಪಾನಾ ಕೊಟ್ಟರು. ಅವನು ಒಂದು ನಟ್ಟು ಸಡಿಲಿಸಿ, ಪಂಪಿನ ಸಣ್ಣ ಹಿಡಿಕೆಯನ್ನು ಒತ್ತುತ್ತ ಹೋದ. ಮೊದಲು ನೊರೆ ಬಂತು, ಆಮೇಲೆ ಬರೀ ಡೀಸೆಲ್. ನಟ್ಟು ಬಿಗಿ ಮಾಡುವ ಮುಂಚೆ ಕಾಕಾ ಅವನ ಕೈ ತಡೆದರು.

"ತಡೀಪಾ. ಇನ್ನೊಮ್ಮೆ ಮಾಡಿ ತೋರಸು. ನನಗ ಇದು ಬರಂಗಿಲ್ಲ."

ನಾನು ಕಾಕಾನನ್ನು ಚಿಕ್ಕಂದಿನಿಂದ ನೋಡಿದ್ದೆ. ಕಾರಿನ ವಿಷಯದಲ್ಲಿ ಅವರು "ನನಗ ಬರಂಗಿಲ್ಲ" ಎಂದದ್ದನ್ನು ಕೇಳಿರಲಿಲ್ಲ. ರೈತ ಮತ್ತೆ ನಟ್ಟು ಬಿಚ್ಚಿದ. ಈ ಸಲ ಕಾಕಾನ ಬೆರಳನ್ನು ಹಿಡಿಕೆಯ ಮೇಲಿಟ್ಟು ತಾನೂ ಒತ್ತಿದ. ಎಂಜಿನ್ ಹತ್ತಿಕೊಂಡಿತು. ಕಾಕಾ ಜೇಬಿಗೆ ಕೈ ಹಾಕಿದ್ದನ್ನು ನೋಡಿ ಅವನು, "ಬ್ಯಾಡ್ರಿ, ಲಗ್ನದ ಬಂಡಿ," ಎಂದು ಹೊಲಕ್ಕೆ ಇಳಿದುಹೋದ. ಅಕ್ಷತೆಯ ಅಕ್ಕಿಕಾಳು ಬೀಳುವ ಮುಂಚೆ ನಾವು ನವಲಿ ಮುಟ್ಟಿದೆವು.

ಮುಂದೆ ಆ ಕಾರು ಹಲವು ವರ್ಷ ಓಡಿತು. ಹಲವು ಕಡೆ ನಿಂತಿತು ಕೂಡ, ಪ್ರತಿ ಸಲವೂ ಯಾರೋ ಒಬ್ಬರು ಬಾವಿಯ ಕಡೆಯಿಂದ ಎದ್ದು ಬಂದರು. ಅವರೆಲ್ಲರ ಋಣ ನಮ್ಮ ಮೇಲಿದೆ. ಅದಕ್ಕಿಂತ ಹೆಚ್ಚಾಗಿ ಕಾಕಾನದು. ಆ ವಯಸ್ಸಿನಲ್ಲಿ ಅವರು ಬೇರೆ ಯಾರದಾದರೂ ಪೆಟ್ರೋಲ್ ಕಾರು ಹುಡುಕಿಕೊಂಡು ಹೋಗಬಹುದಿತ್ತು. ರಸ್ತೆ ಬದಿಯಲ್ಲಿ, ಮದುವೆಯ ಜನರ ಎದುರು, ಹೊಸದಾಗಿ ಕಲಿಯಲು ನಿಂತರು. ನಾವು ಗಂಗಾವತಿಯಲ್ಲೇ ಉಳಿದದ್ದು ಅದರಿಂದ.

ನವಲಿಯ ಮದುವೆ ಮುಗಿಸಿ ಬಂದ ಆ ಸಂಜೆ ಮಾಮಾ ನಮ್ಮ ಮನೆಗೆ ಬಂದ. ಅವ್ವ ಚಹಾ ತಂದಿಟ್ಟಳು. ದಾರಿಯಲ್ಲಿ ಆದದ್ದನ್ನು ಅವನೇ ಹೇಳುತ್ತಾನೆಂದು ನಾನೂ ಕಾಕಾನೂ ಕಾದೆವು. ಅವನು ತಟ್ಟೆಗೆ ಚಹಾ ಸುರಿದುಕೊಂಡು ಕುಡಿದು ಮುಗಿಸಿದ.

"ದಾರ್ಯಾಗ ಒಂದೀಟು ನಿಂತಿತ್ತು," ಎಂದ.

"ಯಾರರ ಬಂದ್ರೇನು?" ಎಂದು ಕೇಳಿದಳು ಅವ್ವ.

"ಬಂದ್ರು." ಮಾಮಾ ಬಟ್ಟಲು ಕೆಳಗಿಟ್ಟ. "ನಮ್ಮೂರಾಗ ಇನ್ನೆರಡು ಲಗ್ನ ಅದಾವ. ಅವರಿಗೆ ಏನಂತ ಹೇಳ್ಲಿ?"

ಅವ್ವ ಸೆರಗು ಸರಿಮಾಡಿಕೊಂಡಳು. "ನಾಳೆ ಸಿದ್ದಾಪುರದ್ದು ಐತಿ. ಅದರ ಮರುದಿನದಿಂದ ಖಾಲಿ ಅದೀವಿ ಅಂತ ಹೇಳು."