ಎಂಜಿನ್ನಿನ ಮೇಲೆ ಸಾಕ್ಷಿ ಹೇಳಿದ್ದು

ನಾನು ಯುದ್ಧವಿಮಾನ ಹಾರಿಸಿದವನು. ಸುಳ್ಳು ಬಿಡಿ, ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಪಂಪು ಮಾರುವವನು. ಆದರೆ ಮೀನಂಗಡಿ ಊರಿನ ಶಾಂತಯ್ಯ ಗೌಡರು ಕಂಪ್ಯೂಟರಿನಲ್ಲಿ ವಿಮಾನಯುದ್ಧದ ಆಟ ಆಡುತ್ತಿದ್ದದ್ದು ನೋಡಿ, ಸುಮ್ಮನಿರಲಾಗದೆ ಹಾಗಂದುಬಿಟ್ಟೆ.

ಗೌಡರು ನನ್ನ ಕೈ ಹಿಡಿದುಕೊಂಡರು. "ಒಳ್ಳೇ ಹೊತ್ತಿಗೆ ಬಂದ್ರಿ ಸಾರ್! ಪೂರ್ತಿ ವೇಗಕ್ಕೆ ಬಾಲದಲ್ಲಿ ಬೆಂಕಿ ಉಗುಳೋ ಆಫ್ಟರ್‌ಬರ್ನರ್ ಹಾಕಿದ್ರೆ ಸಾಕು, ಎಣ್ಣೆ ಖಾಲಿಯಾಗಿ ಬೀಳ್ತೀನಿ. ಚುರಂ ಘಾಟಿ ಹತ್ತೋ ನನ್ನ ಜೀಪೂ ಇಷ್ಟು ಕುಡಿಯಲ್ಲ. ಎಂಜಿನ್ ಲೆಕ್ಕವೇ ತಪ್ಪು ಅಂತ ಆನ್‌ಲೈನಿನಲ್ಲಿರೋ ನಮ್ಮ ಪಂದ್ಯದ ತೀರ್ಪುಗಾರರಿಗೆ ಹೇಳಿ, ಸೋತ ಪಂದ್ಯ ಮತ್ತೆ ಆಡಿಸ್ತಾರೆ. ಅವರು ಮೈಸೂರಿನವರು, ಜೆಟ್ ಎಂಜಿನಿಯರು."

ಹೆಡ್‌ಫೋನು ನನ್ನ ಕಿವಿಗೇರಿತು. ಕಣ್ಣು ಬಾಗಿಲ ಕಡೆಗೇ ಇತ್ತು.

"ಯಾವ ವಿಮಾನ ಹಾರಿಸಿದ್ರಿ ಸಾರ್?" ತೀರ್ಪುಗಾರರ ದನಿ ಕೇಳಿತು.

"ದೇಶದ ಗುಟ್ಟು, ಹೇಳೋ ಹಾಗಿಲ್ಲ."

ಆ ಕಡೆಯಿಂದ ಪಿಸುಮಾತು: "ಯಾರು ಕೇಳಿದ್ರೂ ನಾನೂ ಹಾಗೇ ಹೇಳೋದು. ನಂದು ಮಿಕ್ಸಿ ರಿಪೇರಿ ಅಂಗಡಿ. ನಿಮ್ಮದು?"

ಗೌಡರು ಪಕ್ಕದಲ್ಲೇ ಇದ್ದರು. "ನಂದೂ ಅದೇ ವಿಭಾಗ ಸಾರ್," ಎಂದೆ.

ಎಂಜಿನ್ನೇ ತಪ್ಪೆಂದು ತೀರ್ಪಾಯಿತು. ಗೌಡರು ಮತ್ತೆ ಆಡಿದರು, ಮತ್ತೆ ಎಣ್ಣೆ ಮುಗಿದು ಬಿದ್ದರು. ಅಸಲಿ ಜೆಟ್ಟೂ ಹಾಗೇ ಕುಡಿಯುತ್ತದಂತೆ. ಆ ದಿನ ಸುಳ್ಳು ಹೇಳದಿದ್ದದ್ದು ಆಟದ ಎಂಜಿನ್ ಒಂದೇ. ಇರಲಿ, ನಾವು ಕುಡಿದ ಈ ಚಹಾದ ದುಡ್ಡು ನೀವೇ ಕೊಡಿ, ಪೈಲಟ್ ಹತ್ತಿರ ಚಿಲ್ಲರೆ ಇರೋಲ್ಲ.