ಹೊಗೆಗಾಡಿಯಲ್ಲಿ ಬಂದ ಮೊಮ್ಮಗಳು

ಯಾವುದೇ ಗಾಡಿ ಸ್ಟಾರ್ಟ್ ಆಗಲಿ, ನಾನು ಎದ್ದು ಅದರ ಹಿಂದಕ್ಕೆ ಹೋಗಿ ನಿಲ್ಲುತ್ತೇನೆ. ಮದುವೆ ಮನೆಯೋ ತಿಥಿ ಮನೆಯೋ, ಯಾರದೋ ಕಾರು ಹೊರಟಿತೆಂದರೆ ಬಗ್ಗಿ ಅದರ ಹೊಗೆ ಕೊಳವೆ ನೋಡದೆ ನನಗೆ ಸಮಾಧಾನವಿಲ್ಲ. “ತಾತಂಗೆ ಅದೊಂದು ಚಟ” ಅಂತ ಮನೆಯವರು ನಗುತ್ತಾರೆ. ನಗಲಿ ಬಿಡಿ. ಇವತ್ತು ಬೆಳಿಗ್ಗೆ ಹಾಲಿನ ಡೈರಿ ಮುಂದೆ ಒಂದು ಹಳೇ ಟ್ರಾಕ್ಟರು ಗುಡುಗಿ, ಬುಸ್ಸೆಂದು ಕಪ್ಪು ಹೊಗೆ ಉಗುಳಿತು. ಆ ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಸುತ್ತಲಿನವರೆಲ್ಲ ಕೆಮ್ಮುತ್ತಿದ್ದರೆ ನಾನೊಬ್ಬ ಹಾಲಿನ ಕ್ಯಾನು ಹಿಡಿದುಕೊಂಡು ನಗುತ್ತಾ ನಿಂತಿದ್ದೆ. ಯಾಕೆ ಅಂತ ಹೇಳುತ್ತೇನೆ, ಬನ್ನಿ, ಜಗುಲಿ ಮೇಲೆ ಕೂತುಕೊಳ್ಳಿ. ಇವತ್ತು ನನಗೆ ಮಾತು ಉಕ್ಕುವ ದಿನ.

ತೊಂಬತ್ತರ ದಶಕದಲ್ಲಿ ನನ್ನ ಹತ್ತಿರ ಒಂದು ಹಳೇ ಡೀಸೆಲ್ ಅಂಬಾಸಿಡರ್ ಇತ್ತು. ಕೆ.ಆರ್. ಪೇಟೆಯ ಒಬ್ಬ ಬೆಲ್ಲದ ವ್ಯಾಪಾರಿ ಓಡಿಸಿ ಓಡಿಸಿ ಸುಸ್ತುಮಾಡಿ ನನಗೆ ಕೊಟ್ಟಿದ್ದು. ನಮ್ಮೂರು ಪಾಂಡವಪುರದ ಮಗ್ಗುಲಿಗೇ ಇದೆ. ಆಗ ನಮ್ಮ ಗದ್ದೆಯ ತಲೆಯಲ್ಲೇ ಆಲೆಮನೆ ನಡೆಸುತ್ತಿದ್ದೆ. ಕಾರು ನಿಲ್ಲುತ್ತಿದ್ದುದು ಆಲೆಮನೆಯ ಚಪ್ಪರದಲ್ಲಿ, ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ. ಅದು ಬಿಡುವ ಹೊಗೆ ಒಂದು ತಪ್ಪು ಅಂತ ನಾನು ಯಾವತ್ತೂ ತಿಳಿದಿರಲಿಲ್ಲ. ಹುಟ್ಟಿದಾಗಿನಿಂದ ಆಲೆಮನೆಯ ಹೊಗೆ ಕುಡಿದವನು ನಾನು. ಒಲೆ ಅಂದಮೇಲೆ ಹೊಗೆ, ಇಂಜಿನ್ನು ಅಂದಮೇಲೆ ಹೊಗೆ, ಅಷ್ಟೇ. ದೂರದ ತಿರುವಿನಲ್ಲಿ ಹೊಗೆ ಕಂಡರೆ ಹೋಟೆಲಿನವನು “ಗೌಡ್ರು ಬತ್ತಾವ್ರೆ” ಅಂತ ಟೀಗೆ ನೀರಿಡುತ್ತಿದ್ದ. ಇದಕ್ಕಿಂತ ಮರ್ಯಾದೆ ಬೇಕೆ ಅಂತ ನಾನು ಎದೆಯುಬ್ಬಿಸಿ ಇಳಿಯುತ್ತಿದ್ದೆ.

ನಮಗೆ ಒಬ್ಬಳೇ ಮಗಳು, ಸಾವಿತ್ರಿ. ನಾಗಮಂಗಲದ ಕಡೆ ಹೊಣಕೆರೆಗೆ ಕೊಟ್ಟಿದ್ದೆವು. ಮದುವೆಯಾಗಿ ಎಷ್ಟೋ ವರ್ಷ ಮಡಿಲು ತುಂಬಲಿಲ್ಲ. ಎರಡು ಸಲ ಬಸಿರು ನಿಂತೂ ಉಳಿಯಲಿಲ್ಲ. ಅದೆಲ್ಲ ಈಗ ಬೇಡ. ಮೂರನೆಯ ಸಲ ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಹೆಣ್ಣು ಮಗು ತೆಗೆದರು. ನಮ್ಮೂರಿನ ಅಂಗಡಿಯ ಫೋನಿಗೆ ಸುದ್ದಿ ಬಂತು. ನಾನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಕಾರು ಹತ್ತಿದೆ; ಅದು ಗೊತ್ತಾದದ್ದು ಆಸ್ಪತ್ರೆಯ ಮೆಟ್ಟಿಲಲ್ಲಿ.

ಅದಕ್ಕೂ ಮೊದಲು ಶ್ರೀರಂಗಪಟ್ಟಣದ ಹತ್ತಿರ ಒಬ್ಬ ಪೊಲೀಸಿನವರು ಕೈ ಅಡ್ಡ ಹಾಕಿದರು. ನನ್ನ ಹಿಂದಿನ ರಸ್ತೆಯನ್ನೊಮ್ಮೆ ನೋಡಿದರು. ರಸ್ತೆಯೇ ಕಾಣುತ್ತಿರಲಿಲ್ಲ.

“ಏನ್ ಗೌಡ್ರೇ, ಆಲೆಮನೇನೂ ಜೊತೇಲೇ ಕಟ್ಕೊಂಡು ಬಂದಿದ್ದೀರಾ?”

“ಮೊಮ್ಮಗಳು ಹುಟ್ಟವ್ಳೆ ಸಾ! ಇವತ್ತು ಬುಟ್‌ಬುಡಿ!”

“ಇವತ್ತು ಬುಟ್ಟೆ. ಹೊಗೆ ಟೆಸ್ಟ್ ಮಾಡ್ಸಿ ಚೀಟಿ ತಕ್ಕಳಿ. ಚೀಟಿ ಇಲ್ದೆ ಇನ್ನೊಂದ್ಸಲ ಈ ದಾರೀಲಿ ಬಂದ್ರೆ ಕಾರು ಇಲ್ಲೇ ನಿಂತ್ಕತದೆ, ನೀವು ಬಸ್ಸತ್ತೀರ.”

ಹೊಗೆಗೂ ಒಂದು ಪರೀಕ್ಷೆ ಇದೆ ಅಂತ ಅವತ್ತೇ ನನಗೆ ತಿಳಿದದ್ದು. ನಾನು ಪಾಸಾದ ಕೊನೆಯ ಪರೀಕ್ಷೆ ನಾಲ್ಕನೇ ಕ್ಲಾಸಿನದು. ಆಮೇಲೆ ಯಾವ ಪರೀಕ್ಷೆಯ ಗೋಜಿಗೂ ಹೋದವನಲ್ಲ.

ಮಗುವನ್ನು ನೋಡಿದೆ. ಹೇಗಿತ್ತು ಅಂತ ಕೇಳಬೇಡಿ, ಹೇಳಲು ಬರುವುದಿಲ್ಲ. ಹಸೀ ಬೆಲ್ಲದ ಬಣ್ಣ. ಬುಧವಾರ ಮನೆಗೆ ಕಳಿಸುತ್ತೇವೆ ಅಂದರು ಡಾಕ್ಟರು. ಬಾಣಂತನ ನಮ್ಮ ಮನೆಯಲ್ಲೇ. ನಾನು ಕಾರಿನ ಮಾತೆತ್ತಿದೆ. ಅಳಿಯಂದಿರು ಮೆಲ್ಲಗೆ ಅಂದರು: “ಬೇರೆ ಕಾರು ಗೊತ್ತುಮಾಡ್ತೀನಿ ಮಾವ. ನಿಮ್ ಕಾರಲ್ಲಿ ಹೊಗೆ ಒಳಕ್ಕೂ ಬತ್ತದೆ. ಎಳೇ ಮಗು, ಉಸ್ರಾಡೋದು ಬ್ಯಾಡ್ವಾ?”

ಸಾವಿತ್ರಿ ಮಲಗಿದ್ದಲ್ಲಿಂದಲೇ ಅಂದಳು: “ಅಪ್ಪಾ, ಮದ್ವೆಯಾಗಿ ಅದೇ ಕಾರಲ್ಲಿ ಅಳ್ತಾ ಮನೆ ಬುಟ್ಟು ಹೋದೋಳು ನಾನು. ಇವಳ್ನ ಎತ್ಕೊಂಡು ಅದ್ರಲ್ಲೇ ವಾಪಸ್ ಬರ್ಬೇಕು ಅಂತಾಸೆ. ಆದ್ರೆ ಇವ್ರು ಹೇಳೋದೂ ದಿಟ ಕಣಪ್ಪ. ಹೊಗೆ ನಿಲ್ಲಿಸ್ಕೊಂಡು ಬಾ. ನಿಲ್ನಿಲ್ಲ ಅಂದ್ರೆ ಬ್ಯಾಡ.”

ನೋಡಿ, ಮಗಳು ಬಾಯಿಬಿಟ್ಟು ಒಂದು ಕೇಳಿದಳು. ಅದೂ ಅಷ್ಟು ನೋವಿನ ಮೇಲೆ. ಆ ಬುಧವಾರದ ಮುಂದೆ ನನಗೆ ಬೇರೆ ಲೋಕವೇ ಇರಲಿಲ್ಲ.

ವಾಪಸು ಬರುತ್ತಾ ಶ್ರೀರಂಗಪಟ್ಟಣದ ಒಂದು ಪೆಟ್ರೋಲ್ ಬಂಕಿನಲ್ಲಿ ಹೊಗೆ ಟೆಸ್ಟಿಗೆ ನಿಲ್ಲಿಸಿದೆ. ಅಲ್ಲಿದ್ದಾತ ಕಾರಿನ ಹಿಂದಿನ ಕೊಳವೆಗೆ ಒಂದು ಪೈಪು ತುರುಕಿ, ಮೀಟರಿನ ಮುಂದೆ ಕುಳಿತು “ಆಕ್ಸಿಲೇಟರ್ ಒತ್ತಿ” ಅಂದ. ಒತ್ತಿದೆ. ಬಂಕಿಗೆ ಬಂದಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

“ಸಾಕು ಸಾಕು! ಮೀಟರ್‌ಗೇ ಕೆಮ್ಮು ಬತ್ತದೆ! ಇದು ಫೇಲು ಗೌಡ್ರೇ.”

ಪಾಂಡವಪುರದಲ್ಲಿ ನನ್ನ ಕಾರಿನ ಕಾಯಂ ಮೆಕ್ಯಾನಿಕ್ಕು ಬಾಷಾ ಸಾಬರು. ನನ್ನ ವಾರಿಗೆಯವರೇ. ಹೋಗಿ ಕೈ ಹಿಡಿದುಕೊಂಡೆ. ಇದ್ದ ಕೆಲಸ ಬದಿಗಿಟ್ಟು ನಾಜಲ್ ಬಿಚ್ಚಿ ತೊಳೆದರು, ಪಂಪು ನೋಡಿದರು, ಆಯಿಲ್ ಬದಲಾಯಿಸಿದರು. ಮತ್ತೆ ಬಂಕಿಗೆ ಹೋದೆ. ಮತ್ತೆ ಫೇಲು.

“ಇನ್ನೇನಿದ್ರೂ ಇಂಜಿನ್ನೇ ಇಳಿಸ್ಬೇಕು” ಅಂದರು ಸಾಬರು ಬೇಸರದಿಂದ. “ಬುಧವಾರಕ್ಕೆ ಆಗಾಕಿಲ್ಲ.”

ಕರಿಘಟ್ಟದ ಬೆಟ್ಟದ ದೇವರ ಕಡೆ ತಿರುಗಿ ಕೈಮುಗಿದೆ. ಬೆಟ್ಟ ಸುಮ್ಮನೆ ನಿಂತಿತ್ತು. ಅಷ್ಟು ಹೊಗೆ ಬಿಟ್ಟವನ ಮಾತು ಅದಾದರೂ ಯಾಕೆ ಕೇಳಬೇಕು?

ಮಂಗಳವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ ಸುಮ್ಮನೆ ನೋಡುತ್ತಾ ನಿಂತಿದ್ದೆ. ನನ್ನ ಹೆಂಡತಿ ಪುಟ್ಟಮ್ಮ ಬಾಣಂತಿ ಕೋಣೆ ಸಾರಿಸಿ, ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ಆ ಕಾರಿನಲ್ಲಿ ಕೂತಿದ್ದಳೇ ಹೊರತು ಒಂದು ದಿನವೂ ಅದರ ಒಳಗೆ ಇಣುಕಿದವಳಲ್ಲ.

“ಅದೇನಯ್ಯ ಅದು, ಹಳದಿ ಗಂಟು?”

“ಪೂಜೆ ಬಟ್ಟೆ ಕಣೇ. ಆಯುಧಪೂಜೇಲಿ ಕಟ್ತೀನಲ್ಲ.”

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಆಯುಧಪೂಜೆ ದಿನ ಬೇರೆಯವರು ಅರಿಶಿನದ ಬಟ್ಟೆಯನ್ನು ಕಾರಿನ ಮುಂದುಗಡೆ ಕಟ್ಟುತ್ತಾರೆ. ನಾನು ಸ್ವಲ್ಪ ಯೋಚನೆ ಮಾಡುವವನು ನೋಡಿ! ಇಂಜಿನ್ನು ಗಾಳಿ ಎಳೆದುಕೊಳ್ಳುವ ಡಬ್ಬಿಗೆ ಒಂದು ಮೂತಿ ಇರುತ್ತದೆ, ಅದೇ ಅದರ ಮೂಗು. ಉಸಿರು ಹೋಗುವ ಕಡೆ ದೇವರಿರಬೇಕು, ಜೊತೆಗೆ ಆಲೆಮನೆಯ ಸಿಪ್ಪೆ ಧೂಳೂ ಒಳಗೆ ಹೋಗುವುದಿಲ್ಲ ಅಂತ ಅಲ್ಲಿ ಕಟ್ಟಿದ್ದೆ. ಮಾರನೇ ವರ್ಷ ಹೊಸ ಬಟ್ಟೆ ಕಟ್ಟುವಾಗ ಹಳೆಯದನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಪೂಜೆ ಆದದ್ದು, ಹೇಗೆ ಬಿಚ್ಚುವುದು? ಅದರ ಮೇಲೆಯೇ ಕಟ್ಟಿದೆ. ಹಾಗೇ ಪ್ರತಿ ವರ್ಷ. ಮೇಲಿಂದ ಕುಂಕುಮ, ವಿಭೂತಿ, ಗಂಧ.

ಪುಟ್ಟಮ್ಮ ಹತ್ತಿರ ಬಂದು ಗಂಟನ್ನು ಹಿಸುಕಿ ನೋಡಿದಳು. ಗಟ್ಟಿ ಬೆಲ್ಲದಚ್ಚಿನ ಹಾಗಿತ್ತು.

“ಇದು ಅದ್ರ ಮೂಗು ಅಂತೀಯಲ್ಲ. ಒಲೆ ಬಾಯಿಗೆ ಬೂದಿ ತುಂಬ್ಕೊಂಡು ಗಾಳಿ ಆಡ್ನಿಲ್ಲ ಅಂದ್ರೆ ಹೊಗೆ ಬರ್ದೆ ಇನ್ನೇನ್ ಬಂದದು? ನಿನ್ ಮೂಗಿಗೆ ಇಂಗೆ ಕಟ್ಲಾ, ನೋಡನ?”

“ಏ, ಅದು ದೇವ್ರ ಬಟ್ಟೆ. ಮುಟ್‌ಬ್ಯಾಡ.”

“ದೇವ್ರೇನು ಉಸ್ರು ಕಟ್ಸು ಅಂದಿದ್ನಾ?” ಅಂದವಳೇ ಒಳಗಿಂದ ಕುಡುಗೋಲು ತಂದಳು. ಒಂದು ಗಳಿಗೆ ಕಣ್ಣು ಮುಚ್ಚಿ ಕೈಮುಗಿದಳು. “ತಪ್ಪಾಗಿದ್ರೆ ನನ್ ಮೇಲಿರ್ಲಿ ಕಣಪ್ಪ, ಕೂಸಿನ ಮೇಲೆ ಬ್ಯಾಡ.” ಆಮೇಲೆ ಕುಯ್ದಳು.

ಒಂದರ ಕೆಳಗೊಂದು ಪದರ ಬಂತು. ಮೇಲಿನದು ಹಳದಿ, ಅದರ ಕೆಳಗಿನದು ಕಂದು, ಆಮೇಲಿನವು ಎಣ್ಣೆ ಹೀರಿ ಧೂಳು ಕಚ್ಚಿ ಚಕ್ಕಳದ ಹಾಗಾಗಿದ್ದವು. ಕೊನೆಯದನ್ನು ಎಳೆದಾಗ ಮೂತಿಯ ಬಾಯಿ ತೆರೆಯಿತು. ಕೀಲಿ ತಿರುಗಿಸಿದೆ. ಇಂಜಿನ್ನು ಒಂದು ಸಲ ಕೆಮ್ಮಿ, ಆಮೇಲೆ, ನಾನು ಎಷ್ಟೋ ವರ್ಷದಿಂದ ಕೇಳಿರದ ಒಂದು ದನಿ ತೆಗೆಯಿತು. ನೀರಿನಿಂದ ಮೇಲೆದ್ದವನು ಎಳೆದುಕೊಳ್ಳುತ್ತಾನಲ್ಲ, ಆ ಉಸಿರು. ಓಡಿ ಹಿಂದಕ್ಕೆ ಹೋದೆ. ಹಿತ್ತಲ ಬಾಳೆಗಿಡ ಕಾಣಿಸಿತು! ಎಷ್ಟೋ ವರ್ಷದಲ್ಲಿ ಆ ಕಾರಿನ ಹಿಂದೆ ಏನಾದರೂ ಕಂಡದ್ದು ಅದೇ ಮೊದಲು.

ಬಾಷಾ ಸಾಬರಿಗೆ ಆ ಬಟ್ಟೆ ತೋರಿಸಿದೆ. ಅವರು ತಲೆ ಮೇಲೆ ಕೈ ಹೊತ್ತುಕೊಂಡರು. “ಅರೇ, ನಾನೂ ನೋಡಿದ್ದೆ ಗೌಡ್ರೇ! ಒಂದೇ ತೆಳು ಬಟ್ಟೆ ಅಂದ್ಕಂಡೆ. ನಿಮ್ ದೇವ್ರದು, ನಾನ್ ಹೆಂಗೆ ಮುಟ್ಲಿ ಅಂತ ಅದರ ಸುತ್ಲೂ ಕೆಲ್ಸ ಮಾಡ್ದೆ.”

“ಮುಟ್ಬೌದಿತ್ತಲ್ಲ ಸಾಬ್ರೇ!”

“ನೀವ್ ಮುಟ್ಟಿದ್ರಾ?”

ಇಬ್ಬರೂ ಗ್ಯಾರೇಜಿನ ಟೈರುಗಳ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರು ಡಬ್ಬಿಯನ್ನೂ ತೊಳೆದು ಕೂರಿಸಿದರು. ಮೂರನೆಯ ಸಲ ಬಂಕಿಗೆ ಹೋದೆ. ಬಂಕಿನಾತ ಮೀಟರನ್ನು ಎರಡು ಸಲ ತಟ್ಟಿ, ಹೊರಗೆ ಬಂದು ಕಾರಿನ ನಂಬರು ನೋಡಿದ. “ಅದೇ ಕಾರಾ?” ಅಂದ. ಪಾಸು! ನನ್ನ ಎದೆಯ ಮೇಲಿದ್ದ ಗಾಣವನ್ನೇ ಯಾರೋ ಇಳಿಸಿದ ಹಾಗಾಯಿತು.

ಬುಧವಾರ ಸಾವಿತ್ರಿ ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಪುಟ್ಟಮ್ಮ, ಅವಳ ಮಡಿಲಲ್ಲಿ ಮಗು. ಅಳಿಯಂದಿರು ಮುಂದೆ, ಮೂಗೆಳೆದು ವಾಸನೆ ನೋಡುತ್ತಾ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಅದನ್ನೂ ಬಿಟ್ಟು ನಿದ್ದೆ ಹೋಗಿದ್ದರು. ಅದೇ ಪೊಲೀಸಿನವರು. ಅವರು ಕೈ ಎತ್ತುವ ಮೊದಲೇ ನಾನೇ ನಿಲ್ಲಿಸಿದೆ. ಅವರು ನನ್ನನ್ನು ನೋಡಿ, ಹಿಂದಿನ ರಸ್ತೆ ನೋಡಿದರು.

“ಎಲ್ ಗೌಡ್ರೇ ಹೊಗೆ?”

“ಹೊಗೆ ಇಲ್ಲ ಸಾ. ಮೊಮ್ಮಗಳು ಅವ್ಳೆ, ನೋಡಿ!”

ಅವರು ಟೋಪಿ ತೆಗೆದು ಕಿಟಕಿಯೊಳಗೆ ಬಗ್ಗಿ ನೋಡಿದರು. ಚೀಟಿ ನನ್ನ ಕೈಯಲ್ಲೇ ಉಳಿಯಿತು, ಕೇಳಲೇ ಇಲ್ಲ.

ಕುಯ್ದ ಬಟ್ಟೆಗಳನ್ನು ಪುಟ್ಟಮ್ಮ ಎಸೆಯಲಿಲ್ಲ, ನಾಲೆಯಲ್ಲಿ ಬಿಟ್ಟು ಬಂದಳು. ಮೇಲಿನ ಒಂದನ್ನು ಮಾತ್ರ ಕುದಿಸಿ ಒಗೆದು, ಸೀಳಿ, ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. “ಇಲ್ಲಿ ಗಾಳಿ ಆಡ್ತದೆ” ಅಂದಳು ನನ್ನ ಕಡೆ ನೋಡುತ್ತಾ.

ಅವಳು ಈಗಿಲ್ಲ. ಕಾರೂ ಇಲ್ಲ. ಹಿಂದಕ್ಕೆ ಹೋಗಿ ನೋಡುವ ಚಟ ಮಾತ್ರ ಉಳಿದಿದೆ.

ನಾಳೆ ಆಯುಧಪೂಜೆ. ಅವತ್ತು ಮಡಿಲಲ್ಲಿ ಮಲಗಿ ಬಂದವಳು ಇವತ್ತು ಮಧ್ಯಾಹ್ನ ತನ್ನದೇ ದುಡಿಮೆಯ ಹೊಸ ಕಾರು ತಾನೇ ಓಡಿಸಿಕೊಂಡು ಅಂಗಳಕ್ಕೆ ಬಂದಳು. ಅರಿಶಿನದಲ್ಲಿ ಅದ್ದಿದ ಬಟ್ಟೆ ತಂದು ನನ್ನ ಕೈಗಿಟ್ಟು, “ತಾತ, ನೀನೇ ಕಟ್ಟು. ಎಲ್ಲಿ ಕಟ್ಟಬೇಕು ಅಂತ ಅಜ್ಜಿ ನಿಂಗೆ ಚೆನ್ನಾಗಿ ಹೇಳಿಕೊಟ್ಟವ್ರಲ್ಲ!” ಅಂತ ಕಿಸಕ್ಕನೆ ನಕ್ಕಳು. ಒಳಗಿನ ಕನ್ನಡಿಗೆ, ಒಂದೇ ಗಂಟು, ಸಡಿಲವಾಗಿ ಕಟ್ಟಿದೆ. ಅವಳು ಕೀಲಿ ತಿರುಗಿಸಿದಳು. ಅಭ್ಯಾಸ ನೋಡಿ, ಕಾಲು ಹಿಂದಕ್ಕೆ ಹೊರಟೇಬಿಟ್ಟಿತ್ತು.

“ತಾತ, ಎಲ್ಲಿಗೆ? ಬಾ, ಮುಂದೆ ಕೂತ್ಕೊ.”

ನಿಂತೆ. ಕಿಟಕಿ ಇಳಿಸಿಕೊಂಡು ಅವಳು ಕಾಯುತ್ತಿದ್ದಳು, ನಿರಾಳವಾಗಿ ಉಸಿರಾಡುತ್ತಾ. ಹಿಂದೆ ಹೋಗಿ ನೋಡಲು ಏನೂ ಉಳಿದಿಲ್ಲ ಅನ್ನಿಸಿತು. ಬಾಗಿಲು ತೆಗೆದು ಅವಳ ಪಕ್ಕದಲ್ಲಿ ಕೂತೆ.