ಹವಳದ ದಿಬ್ಬಕ್ಕೆ ಹೊರಡುವ ಸಿದ್ಧತೆ

ಮನುಷ್ಯ ದೂರದ ನಾಡುಗಳಿಗೆ ಹೊರಡುವುದು ಜ್ಞಾನದ ಹಸಿವಿನಿಂದ, ಇಲ್ಲವೇ ಸೌಂದರ್ಯದ ದಾಹದಿಂದ ಎಂದು ಬಲ್ಲವರು ಬರೆದಿಟ್ಟಿದ್ದಾರೆ. ನಾನು ಹೊರಟದ್ದು ಒಂದು ಸುಳ್ಳಿನಿಂದ. ಅದನ್ನು ಹೇಳುವಾಗ ನನ್ನ ಬಾಯಿ ತುಂಬ ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲಾ ಇತ್ತು.

ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರಕ್ಕೆ ಹೆಣ್ಣು ನೋಡಲು ಹೋಗಿದ್ದೆವು, ನಾನು ಮತ್ತು ನನ್ನ ತಾಯಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಅಳೆಸಿ, ವಾಡಿಯಲ್ಲಿ ವ್ಯಾಗನ್ನಿಗೆ ಹತ್ತಿಸಿ, ಬಿರುಕು ಬಿಟ್ಟದ್ದಕ್ಕೆ ಕ್ಷಮಾಪಣೆಯ ಪತ್ರ ಬರೆಯುವುದು ನನ್ನ ಕೆಲಸ. ಹುಡುಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಜಾತಕ ಕೂಡಿತ್ತು, ಗೋತ್ರ ಬೇರೆ ಇತ್ತು, ಶಹಾಬಾದಿಗೆ ವರ್ಗವಾಗುವ ಸಂಭವವೂ ಇತ್ತು. ಎಲ್ಲ ಮುಗಿಯಿತು ಅನ್ನುವಾಗ ಹಿರಿಯರೊಬ್ಬರು ಔದಾರ್ಯ ತೋರಿಸಿ, "ನೀನೂ ಏನರೆ ಕೇಳೂದಿದ್ರ ಕೇಳವ್ವ" ಅಂದರು. ಹೆಣ್ಣು ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಏನೂ ಇಲ್ಲ ಅನ್ನಬೇಕು. ಅವಳು ತಲೆ ಎತ್ತಿ ಕೇಳಿದಳು:

"ನಿಮಗ ಈಸ್ಲಿಕ್ಕೆ ಬರ್ತದೇನ್ರಿ?"

ಸಂಬಳ ಕೇಳುತ್ತಾಳೆ, ಬೀಡಿ ಸೇದುತ್ತೀರಾ ಎಂದು ಕೇಳುತ್ತಾಳೆ ಎಂದು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. ಸೇಡಮಿನಲ್ಲಿ ಹುಟ್ಟಿ, ಹಿತ್ತಾಳೆಯ ಹಂಡೆಗಿಂತ ಆಳವಾದ ನೀರಿನೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ನಾನು "ಬರ್ತದ" ಅಂದೆ. ಅವಳು ತಲೆ ತಗ್ಗಿಸಿದಳು. ಮದುವೆ ಗೊತ್ತಾಯಿತು.

ಪ್ರಶ್ನೆಯ ಹಿಂದಿನ ಕಾರಣ ತಿಳಿದದ್ದು ಮಾರ್ಗಶಿರದಲ್ಲಿ ಮದುವೆಯಾಗಿ ಅವಳು ಶಹಾಬಾದಿಗೆ ಬಂದ ಮೇಲೆ. ಚಂದಾಪುರದ ಶಾಲೆಯಲ್ಲಿದ್ದಂತೆ ಇಲ್ಲಿಯ ಶಾಲೆಯ ಕಪಾಟಿನಲ್ಲೂ, ಗಾಜಿನ ಭರಣಿಯಲ್ಲಿ, ಬೆಳ್ಳಗೆ ಒಣಗಿದ ಒಂದು ಹವಳದ ತುಂಡು ಇತ್ತು. ಇದು ಪ್ರಾಣಿಗಳು ಕಟ್ಟಿದ ಮನೆ ಎಂದು ಅವಳು ಪಾಠ ಮಾಡಿದಾಗಲೆಲ್ಲ ಅಲ್ಲಿಯ ಮಕ್ಕಳೂ ನಗುತ್ತಿದ್ದರು, ಇಲ್ಲಿಯವರೂ ನಗುತ್ತಿದ್ದರು. ಶಹಾಬಾದಿನ ಮಕ್ಕಳಿಗೆ ಕಲ್ಲಿನ ವಿಷಯದಲ್ಲಿ ಯಾರೂ ಏನನ್ನೂ ಹೊಸದಾಗಿ ಹೇಳಲಾರರು. ಒಬ್ಬಳು ಎದ್ದು ನಿಂತು, "ಬಾಯಾರ, ನೀವು ಅದು ಜೀವ ಇದ್ದದ್ದು ನೋಡೀರೇನ್ರಿ?" ಎಂದು ಕೇಳಿದ್ದಳಂತೆ. ಇವಳು ನೋಡಿರಲಿಲ್ಲ. "ಪುಸ್ತಕದಾಗ ಅದ ಅಂತ ಹೇಳ್ಳಿಕತ್ತೀನಿ. ಅವು ನನ್ನ ಮಾರಿ ನೋಡ್ಲಿಕತ್ತಾವ" ಅನ್ನುತ್ತಿದ್ದಳು. ಆ ಮಾತು ಬಂದಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಡಿಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದಳು.

ಅವಳ ದೊಡ್ಡಪ್ಪನ ಮಗ ಮಾಲ್ದೀವ್ಸಿನಲ್ಲಿ ಮೇಷ್ಟರಾಗಿದ್ದ, ಹವಳ ನೋಡಲು ಬಾ ಎಂದು ಮೊದಲಿನಿಂದಲೂ ಕರೆಯುತ್ತಿದ್ದ; ಮದುವೆಯಾಗದ ಹುಡುಗಿಯನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಮದುವೆಗೆ ಬರಲಾಗದೆ ಪತ್ರ ಬರೆದಿದ್ದ: ಹನಿಮೂನಿಗೆ ಇಲ್ಲಿಗೇ ಬನ್ನಿ, ಮನೆಯಿದೆ, ಕಣ್ಣಿಗೆ ಕಟ್ಟುವ ಗಾಜು ಮತ್ತು ಉಸಿರಾಡುವ ಕೊಳವೆ ಇಲ್ಲೇ ಸಿಗುತ್ತವೆ, ದೋಣಿಯಲ್ಲಿ ದಿಬ್ಬದ ತನಕ ಹೋಗಿ ಇಳಿಯುವುದು, ತಲೆ ಮುಳುಗಿಸಿದರೆ ಸಾಕು, ಹವಳದ ಊರೇ ಕಾಣುತ್ತದೆ. ಕೊನೆಯಲ್ಲಿ ಒಂದು ಸಾಲು: ಈಜು ಬಾರದವರನ್ನು ದೋಣಿಯವರು ನೀರಿಗೆ ಇಳಿಸುವುದಿಲ್ಲ, ಹೇಗೂ ಭಾವನವರಿಗೆ ಬರುತ್ತದಂತಲ್ಲ.

ಹೀಗೆ ನನ್ನ ಸುಳ್ಳು ನನಗಿಂತ ಮೊದಲೇ ವಿದೇಶಕ್ಕೆ ಹೋಗಿ ಬಂದಿತ್ತು.

ಬೇಸಿಗೆಯ ಸೂಟಿಯಲ್ಲಿ ಹೋಗುವುದೆಂದು ಅವಳು ನಿಶ್ಚಯಿಸಿದಳು. ಶಾಲೆಯ ಅಟ್ಲಾಸು ಮನೆಗೆ ಬಂತು. ಅದರಲ್ಲಿ ಆ ದೇಶ ಸೀಸದ ಪೆನ್ಸಿಲಿನ ಚುಕ್ಕೆಗಳಷ್ಟಿತ್ತು. ನನ್ನ ತಾಯಿ ಅದನ್ನು ಸೆರಗಿನಿಂದ ಒರೆಸಲು ನೋಡಿದಳು. "ಹವಳ ನೋಡ್ಲಿಕ್ಕೆ ಅಷ್ಟು ದೂರ ಯಾಕೋ? ಕಲಬುರ್ಗಿ ಸರಾಫರ ಅಂಗಡ್ಯಾಗ ಬೇಕಾದಷ್ಟವ. ಮಂಗಳವಾರ ಹೋದ್ರ ಉಂಗುರಕ್ಕ ಕೂಡ್ಸೂ ಹಂಗ ಕೊಡ್ತಾರ" ಅಂದಳು. ಪಾಸ್‌ಪೋರ್ಟಿನ ಫಾರ್ಮು ತರಿಸಿದೆವು. ಫೋಟೋ ತೆಗೆಸಿದೆವು, ನನ್ನದರಲ್ಲಿ ನಾನು ಆಗಲೇ ಮುಳುಗಿದವನಂತಿದ್ದೆ. ವಿಚಾರಣೆಗೆ ಬಂದ ಪೊಲೀಸಿನವನು ಪ್ರಯಾಣದ ಉದ್ದೇಶ ಕೇಳಿದ. ಮಧುಚಂದ್ರ ಅಂದೆ. ಅವನು ನನ್ನ ತಾಯಿಯ ಕಡೆ ನೋಡಿ, ಬಹಳ ಸಭ್ಯನಾಗಿ, ತೀರ್ಥಯಾತ್ರೆ ಎಂದು ಬರೆದುಕೊಂಡ.

ನನಗೆ ಕುಂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಕಲ್ಲು ಅಳೆಸುವಾಗ ಅಳತೆ ತಪ್ಪುತ್ತಿತ್ತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಪಾಸ್‌ಪೋರ್ಟ್ ಬರಲಿ ಎಂದೋ ಬಾರದಿರಲಿ ಎಂದೋ ನನಗೇ ತಿಳಿಯದು. ಕೊನೆಗೆ ನಮ್ಮ ಖಣಿಯ ಮೇಸ್ತ್ರಿಯ ಮುಂದೆ ಹೇಳಿಕೊಂಡೆ. ನಲವತ್ತು ವರ್ಷ ಕಲ್ಲು ಎಬ್ಬಿಸಿದ ಮುಸಲ್ಮಾನ ಹಿರಿಯ. ಅವರು ನಗಲಿಲ್ಲ. ಗಡ್ಡ ನೀವಿಕೊಂಡು, "ಶಾದಿಗೆ ಹೇಳಿದ ಸುಳ್ಳು ದೊಡ್ಡ ಗುನ್ಹೆ ಅಲ್ಲ ಸಾಹೇಬ್ರ. ಖರೆ ಮಾಡಿಬಿಟ್ರ ಮುಗೀತು. ನಸುಕಿನ್ಯಾಗ ಹಳೇ ಖಣಿಗೆ ಬರ್ರಿ" ಅಂದರು.

ಶಹಾಬಾದಿನ ಹಳೆಯ ಖಣಿಗಳನ್ನು ನೋಡದವರಿಗೆ ಹೇಳುತ್ತೇನೆ: ಕಲ್ಲು ತೆಗೆದು ಬಿಟ್ಟ ಗುಂಡಿಗಳು, ಗೋಡೆಯಂತೆ ನೆಟ್ಟಗೆ ಕಡಿದ ಅಂಚುಗಳು, ತುಂಬ ಹಸಿರು ನೀರು. ಮೇಸ್ತ್ರಿ ಎರಡು ಒಣಗಿದ ಸೋರೆಕಾಯಿ ಬುರುಡೆಗಳನ್ನು ನನ್ನ ಸೊಂಟಕ್ಕೆ ಕಟ್ಟಿದರು. ಅವರ ಶಾಸ್ತ್ರ ಬೇರೆಯೇ ಇತ್ತು. ಖಣಿಯಲ್ಲಿ ಹಾರೆ ಬಿದ್ದರೆ ಅದನ್ನು ತೆಗೆಯುವವರು ಒಂದು ಫರಸಿ ಕಲ್ಲನ್ನು ತಬ್ಬಿಕೊಂಡು ಮುಳುಗುತ್ತಿದ್ದರು. ನನ್ನ ಗುರಿಯೂ ನೀರಿನ ಕೆಳಗೆ ಇದ್ದುದರಿಂದ ಅದೇ ಕ್ರಮ ಸರಿ ಎಂದು ಅವರು ತೀರ್ಮಾನಿಸಿದರು. ನಾಲ್ಕನೆಯ ದಿನ ಬುರುಡೆ ಬಿಚ್ಚಿ, ಸೊಂಟಕ್ಕೆ ಹಗ್ಗ ಬಿಗಿದು, ಕೈಗೆ ಕಲ್ಲು ಕೊಟ್ಟರು. ನಾನು ಎಂಥ ಅನುಭವಿಯೂ ಮೆಚ್ಚುವ ಹಾಗೆ ಮುಳುಗಿದೆ. ಮೇಲೆ ಎಳೆದ ಮೇಲೆ ಮೇಸ್ತ್ರಿ ಹೇಳಿದರು: "ಶಾಭಾಸ್! ಅರ್ಧಾ ಕೆಲಸ ಆಯ್ತು. ಹೋಗೂದು ಬಂತು. ಇನ್ನ ವಾಪಸ್ ಬರೂದೊಂದು ಕಲೀರಿ."

ಈ ಗುಟ್ಟಿನ ವಿದ್ಯಾಭ್ಯಾಸ ನಡೆದದ್ದು ಮಾಘ ಮಾಸದಲ್ಲಿ. ಅದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ನನ್ನ ತಾಯಿಯ ಲಕ್ಷ್ಯಕ್ಕೆ ಬಂದಿತ್ತು. ಮಾಘದಲ್ಲಿ ಸೂರ್ಯ ಹುಟ್ಟುವ ಮೊದಲು ಹೊಳೆಯ ತಣ್ಣೀರಿನಲ್ಲಿ ಮಿಂದವನ ಪುಣ್ಯ ಎಷ್ಟೆಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಎಂಟು ದಿನ ಸತತವಾಗಿ ನಸುಕಿನಲ್ಲಿ ಎದ್ದು ಹೋಗಿ, ಒದ್ದೆ ಧೋತರದಲ್ಲಿ ನಡುಗುತ್ತ ಮರಳುವ ಮಗನನ್ನು ಕಂಡು ಅವಳು ಒಂದು ಮಾತೂ ಕೇಳಲಿಲ್ಲ. ಓಣಿಗೆಲ್ಲ ಹೇಳಿದಳು.

"ಮೊನ್ನೆ ತನಕಾ ಬಿಸಿನೀರು ತಡಾ ಆದ್ರ ಮಾರಿ ಸೊಟ್ಟ ಮಾಡಾಂವ. ಲಗ್ನ ಆದ ಮ್ಯಾಲೆ ನೋಡ್ರಿ, ಬಾಯಿಬಿಟ್ಟು ಹೇಳಲಾರದ ಮಾಘಸ್ನಾನ ಹಿಡದಾನ!"

ಒಂಬತ್ತನೆಯ ದಿನ ಬಾಗಿಲಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಅವಳೂ, ಅವಳ ಹಿಂದೆ ನನ್ನ ಹೆಂಡತಿಯೂ ನಿಂತಿದ್ದರು. "ಒಬ್ಬಾಂವ ಮಾಡಿದ್ರ ಅರ್ಧಾ ಪುಣ್ಯ. ಇವತ್ತಿನಿಂದ ದಂಪತಿ ಸ್ನಾನ. ನಡೀ ಕಾಗಿಣಾಕ್ಕ." ನಾನು ದಿನವೂ ಹೋಗುತ್ತಿದ್ದದ್ದು ಕಾಗಿಣಾ ಹೊಳೆಗೆಂದೇ ಅವಳ ನಂಬಿಕೆ. ಅಲ್ಲ ಎನ್ನಬೇಕಾದರೆ ಬುರುಡೆಗಳ ವಿಷಯ ಹೇಳಬೇಕಿತ್ತು. ನಡೆದೆ.

ಹೊಳೆಯಲ್ಲಿ ನನ್ನ ಹೆಂಡತಿ ಮೂರು ಮುಳುಗು ಹಾಕಿದಳು, ಅರ್ಘ್ಯ ಕೊಟ್ಟಳು, ಆಮೇಲೆ ಸೀರೆಯನ್ನು ಕಚ್ಚೆ ಬಿಗಿದು, ನೀರಿಗೆ ಸದ್ದೂ ಆಗದಂತೆ ಆಚೆ ದಡಕ್ಕೆ ಹೊರಟುಬಿಟ್ಟಳು. ಚಂದಾಪುರದ ಹೊಲದ ಬಾವಿಯಲ್ಲಿ ಆರು ವರ್ಷದವಳಿದ್ದಾಗಲೇ ಕಲಿತವಳು. ಆ ದಡದಿಂದ ಕೂಗಿದಳು: "ಬರ್ರಿ! ನೀರು ಭಾಳ ಛಲೋ ಅದ!"

"ನಂದು ಸಂಕಲ್ಪ ಮುಗಿದಿಲ್ಲ" ಎಂದೆ.

ಮರುದಿನವೂ ಮುಗಿಯಲಿಲ್ಲ. ನಾನು ದೇಶಕಾಲಗಳನ್ನು ಹೇಳುವಾಗ ಭರತಖಂಡಕ್ಕೆ ಸಾಲದೆ ತಾಲೂಕುಗಳನ್ನೂ ಸೇರಿಸಿದೆ. ಸೇಡಂ, ಚಿತ್ತಾಪುರ ಎಲ್ಲ ಬಂದವು. ಕೇಶವನಿಂದ ಹಿಡಿದು ಇಪ್ಪತ್ತನಾಲ್ಕು ನಾಮಗಳನ್ನು ಮೂರು ಸಲ ಹೇಳಿದೆ. ನಾಲ್ಕು ದಿನ ದೇವರು ನನ್ನನ್ನು ದಡದ ಬಳಿ ಹಿಡಿದಿಟ್ಟ. ಐದನೆಯ ದಿನ ಅವಳು ಅರ್ಧ ದಾರಿ ಬಂದು, ಅಲ್ಲೇ ನೀರಿನಲ್ಲಿ ನಿಂತಂತೆ ತೇಲುತ್ತ, ನನ್ನ ಮುಖ ನೋಡಿದಳು. ಆ ನೋಟ ತಡೆಯಲಾಗಲಿಲ್ಲ. ಇಳಿದೆ. ಬುರುಡೆಯೊಡನೆ ಏಳು ಸಲ ಕೈ ಬೀಸಿದ್ದು ನನ್ನ ದಾಖಲೆ. ಬುರುಡೆಯಿಲ್ಲದೆ ಐದು ಬೀಸಿದೆ. ಆರನೆಯದಕ್ಕೆ ನೀರು ಸಿಗಲಿಲ್ಲ. ನಾನೇ ನೀರಿಗೆ ಸಿಕ್ಕಿದ್ದೆ.

ಅವಳು ಕೂದಲು ಹಿಡಿದು ಎಳೆತಂದಳು. ದಡದಲ್ಲಿ ನನ್ನ ತಾಯಿ ಕೈ ಮುಗಿದು ನಿಂತಿದ್ದಳು. "ಎಷ್ಟು ಹೊತ್ತು ಮುಳುಗಿದ್ನವ್ವ! ಭಕ್ತಿ ಅಂದ್ರ ಇದು" ಅಂದಳು. ನಾನು ಹೊಳೆಯನ್ನು ಕಾರುತ್ತಿದ್ದುದರಿಂದ ತಿದ್ದಲಾಗಲಿಲ್ಲ.

ಮನೆಗೆ ಬಂದು, ತಾಯಿ ದೇವರ ಮನೆಗೆ ಹೋದ ಮೇಲೆ, ಖಣಿಯ ಪಾಠದ ತನಕ ಎಲ್ಲವನ್ನೂ ಒಪ್ಪಿಕೊಂಡೆ. ಹೆಂಡತಿ ಕೇಳಿದಳು:

"ಬರ್ತದ ಅಂತ ಯಾಕ ಅಂದ್ರಿ?"

"ಬರೂದಿಲ್ಲ ಅಂದಿದ್ರ ನೀ ಒಲ್ಲೆ ಅಂತಿದ್ದಿ."

"ಅಂತಿದ್ದೆ."

ಅಷ್ಟೇ ಅಂದು ಶಾಲೆಗೆ ಹೋದಳು. ಇಡೀ ದಿನ ನಾನು ಯಾವ ಕಲ್ಲನ್ನು ಅಳೆಸಿದೆನೋ, ಯಾರಿಗೆ ಕ್ಷಮಾಪಣೆ ಬರೆದೆನೋ ನೆನಪಿಲ್ಲ. ಸಂಜೆ ಬಂದವಳು, "ಆ ಖಣಿ ತೋರಸ್ರಿ" ಅಂದಳು. ಮೇಸ್ತ್ರಿ ಅವಳಿಗೆ ಸಲಾಮು ಮಾಡಿ, ನನ್ನ ಪ್ರಗತಿಯನ್ನು ವರದಿ ಮಾಡಿದರು: "ಬಾಯಿ, ಇವರು ಮುಳುಗೂದ್ರಾಗ ಉಸ್ತಾದ್ ಆಗ್ಯಾರ." ಅಂದಿನಿಂದ ಇಬ್ಬರು ಗುರುಗಳಾದರು. ಒಬ್ಬರು ದಮ್ಮು ಹಿಡಿಯಿರಿ ಅನ್ನುವರು, ಇನ್ನೊಬ್ಬರು ದಮ್ಮು ಬಿಡಿರಿ ಅನ್ನುವರು. ಫಾಲ್ಗುಣ ಹೋಯಿತು, ಚೈತ್ರ ಹೋಯಿತು. ಸೂಟಿ ಮುಗಿಯಿತು, ಪಾಸ್‌ಪೋರ್ಟ್ ಬರಲಿಲ್ಲ. ಅವಳು ನೀರಿನಲ್ಲಿ ನನ್ನ ಬೆನ್ನಿನ ಕೆಳಗೆ ಅಂಗೈ ಹಿಡಿದು, ಕಣ್ಣು ಮಾತ್ರ ಊರಿನ ಹಾದಿಯ ಮೇಲೆ ಇಟ್ಟಿರುತ್ತಿದ್ದಳು, ಅಂಚೆಯವನು ಖಣಿಗೇ ಬಂದಾನು ಎಂಬಂತೆ.

ಜ್ಯೇಷ್ಠದ ಕೊನೆಗೆ ಎರಡೂ ಪಾಸ್‌ಪೋರ್ಟುಗಳು ಬಂದವು. ಅದೇ ವಾರ ಅವಳ ಮಾಲ್ದೀವ್ಸಿನ ಅಣ್ಣನ ಪತ್ರವೂ ಬಂತು: ನೌಕರಿಯ ಕರಾರು ಶ್ರಾವಣದ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಊರಿಗೇ ಬರುತ್ತೇನೆ, ಬರುವುದಾದರೆ ಈಗಲೇ ಬನ್ನಿ, ಹೊರಗೆ ಸಮುದ್ರ ಒರಟಾಗಿದೆ, ದಿಬ್ಬದ ಒಳಗಿನ ನೀರು ಶಾಂತವಿದೆ.

ಮರುದಿನ ಖಣಿಯಲ್ಲಿ ಪರೀಕ್ಷೆಯಾಯಿತು. ಈ ಗೋಡೆಯಿಂದ ಆ ಗೋಡೆಗೆ. ನಡುವೆ ಮೇಸ್ತ್ರಿ ಹಗ್ಗ ಎಸೆಯಬೇಕಾಯಿತು. ಹಗ್ಗ ಸುತ್ತುತ್ತ ಅವರು, "ಇನ್ನೊಂದು ವರ್ಷ ಬೇಕು ಬಾಯಿ" ಅಂದರು. ಹನಿಮೂನಿಗೆ ಹೋಗಿ ಗಂಡನನ್ನು ದೋಣಿಯಲ್ಲಿ ಕೂರಿಸಿ ತಾನೊಬ್ಬಳೇ ನೀರಿಗಿಳಿಯುವುದು ಅವಳಿಗೆ ಸರಿಬರಲಿಲ್ಲ, ಇರಲಿ ಬಿಡ್ರಿ ಅಂದಳು. ದಾರಿಯಲ್ಲಿ ಮತ್ತೆ, "ಇರಲಿ, ಪುಸ್ತಕದಾಗ ಅದ ಅಲ್ಲ" ಅಂದಳು. ಮನೆಗೆ ಬಂದು ಒಗೆದು ಮಡಿಚಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚತೊಡಗಿದಳು.

ನಾನು ತಾಯಿಯ ಹತ್ತಿರ ಹೋಗಿ ಕುಳಿತೆ. ಅವಳು ಬತ್ತಿ ಹೊಸೆಯುತ್ತಿದ್ದಳು.

"ಆಷಾಢದಾಗ ಹೊಸ ಸೊಸಿ ತವರಿಗೆ ಹೋಗಬೇಕಲ್ಲ?"

"ಹೋಗಬೇಕು. ಅತ್ತಿ ಸೊಸಿ ಒಂದೇ ಹೊಸ್ತಿಲಾ ದಾಟಬಾರದು. ಚಂದಾಪುರಕ್ಕ ಪತ್ರ ಹಾಕು."

"ಅಣ್ಣ ಇದ್ದಲ್ಲೂ ತವರ ಅಲ್ಲೇನು? ನೀ ಮೊದಲ್ನೇ ಆಷಾಢಕ್ಕ ಸೊಲ್ಲಾಪುರಕ್ಕ ಹೋಗಿದ್ದಿ ಅಂತ ನೀನ ಹೇಳೀದಿ. ಅಲ್ಲಿ ನಿಮ್ಮಣ್ಣ ಇದ್ದ ಅಂತ."

ಬತ್ತಿ ನಿಂತಿತು. "ಸೊಲ್ಲಾಪುರಕ್ಕ ಹೋಗ್ಲಿಕ್ಕೆ ಸಮುದ್ರ ಇಲ್ಲಪಾ."

"ಇದಕ್ಕೂ ಇಲ್ಲ. ವಿಮಾನದಾಗ ಹೋಗೂದು. ನೀರು ಮುಟ್ಟೂದ ಇಲ್ಲ."

ಇದೂ ಸುಳ್ಳೇ. ಆದರೆ ಈ ಸಲ ಬಾಯಲ್ಲಿ ಏನೂ ಇರಲಿಲ್ಲ. ಪೂರ್ತಿ ಎಚ್ಚರದಿಂದ ಹೇಳಿದೆ. ತಾಯಿ ಅರ್ಧ ಹೊಸೆದ ಬತ್ತಿಯನ್ನು ಪೂರ್ತಿ ಹೊಸೆದು, "ಅಣ್ಣನ ಮನಿ ತವರ ಖರೆ" ಅಂದಳು. ನಾನು ಏಳುವಷ್ಟರಲ್ಲಿ ಬತ್ತಿಯಿಂದ ನನ್ನನ್ನು ತೋರಿಸಿದಳು. "ಆದ್ರ ನೀ ಹೋಗಂಗಿಲ್ಲ. ಆಷಾಢದಾಗ ಗಂಡ ಹೆಂಡ್ತಿ ಒಂದ ಸೂರಿನ್ಯಾಗ ಇರಬಾರದು. ತವರು ಅಂದ್ರ ತವರು."

ನನ್ನ ವಾದ ಎಷ್ಟು ಭದ್ರವಾಗಿತ್ತೆಂದರೆ ನಾನು ಹೊರಬರಲು ಸಂದೇ ಉಳಿದಿರಲಿಲ್ಲ. "ಹೋಗಂಗಿಲ್ಲ" ಅಂದೆ.

ಹೆಂಡತಿಗೆ ಹೇಳಿದಾಗ ಅವಳು ಕೂಡಲೇ ಹಿಗ್ಗಲಿಲ್ಲ. "ಹನಿಮೂನಿಗೆ ನಾ ಒಬ್ಬಾಕಿನ ಹೋಗೂದೇನು? ಮಂದಿ ಏನಂದಾರು?"

"ಮಂದಿ ಆಷಾಢ ಅಂತಾರ."

"ನೀವು?"

"ನಾ ಸುಳ್ಳು ಹೇಳಿ ಲಗ್ನ ಆದಾಂವ. ನನ್ನ ಕೇಳಬ್ಯಾಡ."

ಅವಳ ಹೆಡ್‌ಮಾಸ್ತರರು ಆಷಾಢದ ರಜೆ ಎಂದರೆ ಏನೂ ಕೇಳದೆ ಸಹಿ ಹಾಕಿದರು. ಈ ಭಾಗದ ಯಾವ ಹೆಡ್‌ಮಾಸ್ತರರೂ ಹಾಕುತ್ತಾರೆ. ತಿರುವನಂತಪುರದ ವಿಮಾನದ ತನಕ ಬಿಡಲು ಅವಳ ತಂದೆ ಬಂದರು. ಅಲ್ಲಿ ಮೀನು ಬಿಟ್ಟರೆ ಬೇರೆ ಸಿಗದೆಂದು ತಿಳಿದು ತಾಯಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೆಂತ್ಯದ ಹಿಟ್ಟು ಕಟ್ಟಿದಳು. ಚೀಲ ಎಷ್ಟು ಭಾರವಾಯಿತೆಂದರೆ ಮೇಸ್ತ್ರಿ ಬಂದು ಹೊರಬೇಕಾಯಿತು. ವಾಡಿ ಸ್ಟೇಷನ್ನಿನಲ್ಲಿ ನಾನು ಪ್ಲಾಟ್‌ಫಾರಮಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ. ಮಾವನವರು, "ಕುಂದ್ರಿ, ಹೋಗಾಕಿ ಅಕಿ" ಅಂದರು. ರೈಲು ಬಂತು. ಅವಳು ಕಿಟಕಿಯ ಸರಳುಗಳ ಹಿಂದೆ ಕುಳಿತು, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಖಣಿಗೆ ಹೋಗೂದು ಬಿಡಬ್ಯಾಡ್ರಿ. ಆದ್ರ ಕಲ್ಲು ಹಿಡೀಬ್ಯಾಡ್ರಿ."

ಅವಳು ಅಲ್ಲಿ ಹದಿನೆಂಟು ದಿನ ಇದ್ದಳು. ಹನ್ನೊಂದು ಸಲ ನೀರಿಗೆ ಇಳಿದಳು, ಜೀವಂತ ಹವಳವನ್ನು ನೋಡಿದಳು, ಶ್ರಾವಣದ ಎರಡನೆಯ ದಿನ ಶಾಲೆಗೆ ಹಾಜರಾದಳು. ನಾನು ಹೋಗಲಿಲ್ಲ.